ಒಂದು ಉಸಿರಿನ ಆಳ

“ಇನ್ಮೇಲೆ ಕಡಲಿಗೆ ಇಳಿಯಲ್ಲ ಕಣೇ,” ಎಂದು ಮಲ್‌ಸುನ್ ಮಗಳ ಕಿರುಬೆರಳಿಗೆ ತನ್ನ ಕಿರುಬೆರಳು ಹೆಣೆದು ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಉಸಿರು ಕಟ್ಟಿ ಮುಳುಗಿ ಚಿಪ್ಪು ಕೀಳುವ ಜೆಜು ದ್ವೀಪದ ಹೆಂಗಸರಲ್ಲಿ ಅವಳದು ಎತ್ತಿದ ಕೈ. ಆದರೆ ಹೃದಯ ಸೋತಿತ್ತು. ಹೀಗೇ ಉಸಿರು ಕಟ್ಟುತ್ತಿದ್ದರೆ ಒಂದು ದಿನ ನಿಂತೇ ಹೋದೀತು ಎಂದಿದ್ದರು ಡಾಕ್ಟರು.

ಈಗ ಮಗಳು ಮಿರಾನ್‌ಗೆ ಅನುಮಾನ. ಸಂಜೆ ಮನೆಗೆ ಬರುವ ಅಮ್ಮನ ಕಣ್ಣ ಸುತ್ತ ಈಜುಗನ್ನಡಕ ಒತ್ತಿದಂಥ ಕೆಂಪು ಬರೆ. ನೀರಿಗಿಳಿದವರ ಗುರುತು ಅದು. ಕೂದಲು ಮಾತ್ರ ಒಣಗಿರುತ್ತಿತ್ತು.

“ಎಲ್ಲಿಗೆ ಹೋಗಿದ್ದೆ ಅಮ್ಮಾ?”

“ಮಂಡಿ ನೋಯದ ಕಡೆಗೆ.”

“ಕೊಟ್ಟ ಮಾತು ಮರೆತ್ಯಾ?”

“ನಿನ್ನ ಹೆತ್ತದ್ದು ಮರೆತರೂ ಅದನ್ನ ಮರೆಯಲ್ಲ, ಹೋಗೇ!” ಮುದುಕಿ ನಕ್ಕುಬಿಟ್ಟಳು.

ಇಂದು ಬಿರುಗಾಳಿ. ದೋಣಿಗಳೆಲ್ಲ ದಡ ಸೇರಿವೆ. ಅಮ್ಮ ಮನೆಯಲ್ಲಿಲ್ಲ. ಮಿರಾನ್ ಬಿದ್ದಂಬೀಳ ಬಂದರಿಗೆ ಓಡಿದಳು. ಅಮ್ಮನ ಹಳೆಯ ಜೊತೆಗಾತಿ ಚುನ್‌ಜಾ ಅಲ್ಲಿ ಬಲೆ ಬಿಗಿಯುತ್ತಿದ್ದಳು.

“ದೊಡ್ಡಮ್ಮಾ, ಅಮ್ಮ ನೀರಿಗಿಳಿದಳಾ?”

“ಈ ಅಲೆಗೆ ಮೀನೇ ತಲೆ ಎತ್ತಲ್ಲ. ನಿಮ್ಮಮ್ಮನಿಗೇನು ಹುಚ್ಚಾ?” ಎಂದು ರೇಗಿದರೂ ಚುನ್‌ಜಾ ಕಡಲಿನತ್ತ ಕಿವಿಗೊಟ್ಟಳು. ಮುಳುಗಿ ಮೇಲೆದ್ದವಳು ಕಟ್ಟಿದ ಉಸಿರನ್ನು ಸಿಳ್ಳೆಯಾಗಿ ಬಿಡುತ್ತಾಳೆ. ಒಬ್ಬೊಬ್ಬರದು ಒಂದೊಂದು ಸಿಳ್ಳೆ. ಅದು ಕೇಳಿದರೆ ಜೀವವಿದೆ ಎಂದೇ ಲೆಕ್ಕ.

ಕೇಳಿಸಿತು. ಅಮ್ಮನದೇ. ಆದರೆ ಕಡಲ ಕಡೆಯಿಂದಲ್ಲ, ಬೆನ್ನ ಹಿಂದಿನ ಕಿಟಕಿಯಿಂದ.

ಬಂದರಿನ ವಿಡಿಯೊ ಗೇಮ್ ಅಂಗಡಿ ಅದು. ಒಳಗೆ ಕುರ್ಚಿಯಲ್ಲಿ ಮಲ್‌ಸುನ್. ಮುಖಕ್ಕೆ ಗೇಮಿನ ಕಪ್ಪು ಕನ್ನಡಕ. ಕೈಗಳು ಗಾಳಿಯನ್ನೇ ನೀರಿನಂತೆ ಸೀಳುತ್ತಿದ್ದವು. ಅವಳಿಗೆ ಕಾಣುತ್ತಿದ್ದುದೆಲ್ಲ ಗೋಡೆಯ ಪರದೆಯಲ್ಲಿತ್ತು: ನೀಲಿ ಆಳ, ಸುಕ್ಕಿಲ್ಲದ ಎರಡು ಕೈ, ಬಂಡೆಯಡಿ ತಟ್ಟೆಯಗಲದ ಚಿಪ್ಪು.

“ದಿನಾ ಬರ್ತಾರೆ ಅಜ್ಜಿ,” ಅಂಗಡಿಯವನು ನಕ್ಕ. “ಆಟದಲ್ಲಿ ಮುಳುಗಿದ್ರೆ ಇಲ್ಲೂ ಉಸಿರು ಬಿಗಿಹಿಡೀತಾರೆ. ಬೇಡ ಅಂದ್ರೆ ನನ್ನನ್ನೇ ಬೈತಾರೆ!”

ಮಿರಾನ್ ನುಗ್ಗಿ ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. “ಸಾಕಮ್ಮಾ, ಮೇಲೆ ಬಾ! ಉಸಿರು ಬಿಡಮ್ಮಾ!”

ಪರದೆಯ ಕೈ ಚಿಪ್ಪಿನತ್ತ ಚಾಚಿತು. ಚಾಚಿದ್ದು ಹಾಗೇ ನಿಂತಿತು.

ಸಿಳ್ಳೆ ಬರಲಿಲ್ಲ.

ಮಲ್‌ಸುನ್ ಮಾತು ಉಳಿಸಿಕೊಂಡಳು. ಕಡಲಿಗೆ ಇಳಿಯಲೇ ಇಲ್ಲ.