ಕೊಡದೆ ಉಳಿಸಿಕೊಂಡ ಕಣ್ಣು

ನಮ್ಮ ಬೀದಿಯಲ್ಲಿ ಮೊಮ್ಮಕ್ಕಳ ಜೊತೆ ಕಣ್ಣು ಬದಲಾಯಿಸಿಕೊಳ್ಳದ ಮುದುಕರು ಕಡಿಮೆ. ಬೆಳಗ್ಗೆ ಆಸ್ಪತ್ರೆಗೆ ಹೋದರೆ ಸಂಜೆಗೆ ಮನೆ. ಪಕ್ಕದ ಮನೆಯ ಗುರುಲಿಂಗಪ್ಪ ರೈಲು ಓಡಿಸುವ ಮೊಮ್ಮಗನಿಗೆ ತನ್ನ ಕಣ್ಣು ಕೊಟ್ಟು, ಈಗ ಅವನ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಓಡಾಡುತ್ತಾನೆ.

ನನ್ನ ಮೊಮ್ಮಗಳು ಜಯಶೀಲಾಗೆ ಡಾಕ್ಟರ್ ಓದಲು ಸೀಟು ಸಿಕ್ಕಿತ್ತು, ಯುದ್ಧವಿಮಾನದ ತರಬೇತಿಗೂ ಕರೆ ಬಂದಿತ್ತು. ಅವಳ ಮನಸ್ಸೆಲ್ಲ ವಿಮಾನದ ಮೇಲೆ. ಅದಕ್ಕೆ ಚುರುಕು ಕಣ್ಣು ಬೇಕು. ಮನೆಯಲ್ಲಿ ಅಂಥ ಕಣ್ಣು ಇರುವುದು ನನಗೊಬ್ಬಳಿಗೇ.

ನಿನ್ನೆ ನಾನು ಕೌದಿ ಹೊಲಿಯುತ್ತಾ ಕೂತಿದ್ದಾಗ ಬಂದು ಕೇಳಿದಳು. "ಅಜ್ಜೀ, ನಿನ್ನ ಕಣ್ಣು ಕೊಡ್ತೀಯಾ? ನನ್ನ ಕನ್ನಡಕ ಹಾಕ್ಕೊಂಡ್ರೆ ಒಳ್ಳೇ ಹೆಡ್‌ಮಿಸ್ ಥರ ಕಾಣ್ತೀಯ."

ಹಾರಿಹೋದವಳು ಯುದ್ಧದಿಂದ ತಿರುಗಿ ಬರದಿದ್ದರೆ?

"ನನಗೆ ಪೊರೆ ಬಂದಿದೆ ಕಣೇ," ಅಂದೆ. ಅವಳು ನಂಬಲಿ ಅಂತ, ಸೂಜಿಗೆ ದಾರ ಪೋಣಿಸುವಾಗ ಬೇಕಂತಲೇ ಮತ್ತೆ ಮತ್ತೆ ತಪ್ಪಿಸಿದೆ.

ಅವಳು ಸೂಜಿ ಇಸಿದುಕೊಂಡು ತಾನೇ ಪೋಣಿಸಿ ಕೊಟ್ಟಳು. "ಹೋಗ್ಲಿ ಬಿಡಜ್ಜೀ, ಡಾಕ್ಟರೇ ಆಗ್ತೀನಿ. ನಿನ್ನ ಪೊರೆ ನಾನೇ ತೆಗೀತೀನಿ."

ಆಮೇಲೆ, ನನಗೆ ಕಾಣುವುದಿಲ್ಲ ಅಂದುಕೊಂಡು, ನನ್ನ ಎದುರಿಗೇ ಕೂತು ಸದ್ದಿಲ್ಲದೆ ಅತ್ತಳು. ಕಾಣದವಳ ಹಾಗೆ ನಾನು ಹೊಲಿಯುತ್ತಲೇ ಇದ್ದೆ.