ಕಾರ್ಡು ಮಾಡಿಸಲು ಹೋದವಳು

ಪಿಎಚ್.ಡಿ. ಮಾಡುತ್ತಿದ್ದ ಗಂಡ ಗುರುತಿನ ಚೀಟಿ ಕಳೆದುಕೊಂಡು, ಅದರ ಮೇಲೆ ಜ್ವರವೂ ಬಂದು ಮಲಗಿದ್ದ. ಹೊಸದನ್ನು ತಾನೇ ಮಾಡಿಸಿ ತರೋಣವೆಂದು ಚಂಪಾವತಿ ಅವನಿಗೆ ಹೇಳದೆ, ಹೊಲಿಗೆ ಬದಿಗಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗಿ ಎರಡು ಗಂಟೆ ಸಾಲಿನಲ್ಲಿ ನಿಂತಳು.

ಗುಮಾಸ್ತ ಕಂಪ್ಯೂಟರ್ ನೋಡಿ, "ಇವರ ನೋಂದಣಿ ರದ್ದಾಗಿ ಮೂರು ವರ್ಷ ಆಯ್ತಲ್ಲಮ್ಮ," ಎಂದ.

"ದಿನಾ ಬೆಳಿಗ್ಗೆ ಊಟದ ಡಬ್ಬಿ ತಗೊಂಡು ಇಲ್ಲಿಗೇ ಬರ್ತಾರಲ್ಲ ಸಾರ್?"

"ಯೂನಿವರ್ಸಿಟಿ ಇಮೇಲ್‌ಗೆ ನಾಲ್ಕು ಸಲ ತಿಳಿಸಿದೀವಿ. ಕೊನೇದಕ್ಕೆ 'ಆಗಲಿ' ಅಂತ ಉತ್ತರಾನೂ ಬರೆದಿದಾರೆ."

ಅವಳು ಮನೆಗೆ ಬಂದಾಗ ಗಂಡ ಎದ್ದು ಕೂತಿದ್ದ.

"ಎಲ್ಲಿಗೆ ಹೋಗಿದ್ದೆ?"

"ನಿಮ್ಮ ಕಾರ್ಡು ಮಾಡಿಸೋಕೆ."

ಅವನ ಮುಖ ಬಿಳಿಚಿಕೊಂಡಿತು.

ಚಂಪಾವತಿ ಅವನ ಹಣೆ ಮುಟ್ಟಿ ನೋಡಿದಳು. "ಹೊಸದು ಬರೋಕೆ ತುಂಬಾ ದಿನ ಆಗುತ್ತಂತೆ. ಅಲ್ಲೀವರೆಗೂ ಮನೇಲೇ ಇರಿ."