ಮುಂದೆ ನಡೆಯುವವನು

“ಶೈಲಾ, ನಿಲ್ಲು! ಮುಂದ ಹೆಜ್ಜಿ ಇಡಬ್ಯಾಡ!”

ಗಂಡ ಮಾಳುವಿನ ಧ್ವನಿ ಇಷ್ಟು ಗಡುಸಾಗಿದ್ದನ್ನು ಶೈಲಾ ಮದುವೆಯಾದ ಎರಡು ವರ್ಷದಲ್ಲಿ ಕೇಳಿರಲಿಲ್ಲ. ತಲೆಯ ಮೇಲಿನ ಬುತ್ತಿಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಳು. ಎರಡು ವರ್ಷ ಎನ್ನುವುದೂ ಹೇಳಿಕೆಗೆ ಮಾತ್ರ. ಮಾಳು ರಜೆಗೆ ಬಂದ ದಿನಗಳನ್ನೆಲ್ಲ ಕೂಡಿಸಿದರೆ ಮೂರು ತಿಂಗಳೂ ಆಗುತ್ತಿರಲಿಲ್ಲ. ಈ ಸಲದ ರಜೆ ನಾಡಿದ್ದಿಗೆ ತೀರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗೆ, ಸೈನ್ಯ ಅವನನ್ನು ಕಳಿಸಿಕೊಟ್ಟರೂ ನೆಂಟರಿಷ್ಟರು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಮನೆ ತುಂಬ ಜನ, ಮೂರು ಹೊತ್ತೂ ಚಹಾ.

ಇವತ್ತು ಬೆಳಿಗ್ಗೆ ಹೇಗೋ ದಾರಿ ಸಿಕ್ಕಿತ್ತು. ಮಾವ ಸಾಬಣ್ಣ ಚಿಮ್ಮಡ ಊರಿನ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಅವನಿಗೆ ಬುತ್ತಿ ಒಯ್ಯುತ್ತೇವೆಂದು ಗಂಡಹೆಂಡತಿ ಹೊರಟಿದ್ದರು. ಡಾಂಬರು ರಸ್ತೆಗೆ ಹೋದರೆ ಹೆಜ್ಜೆಗೊಬ್ಬರು ಮಾತಾಡಿಸುತ್ತಾರೆಂದು ಶೈಲಾಳೇ ಹಾಳೂರಿನ ಬಳಸುದಾರಿ ಹಿಡಿಸಿದ್ದಳು. ಜನ ಬಿಟ್ಟುಹೋದ ಆ ಹಳೆಯ ಊರಿನಲ್ಲಿ ಮುರುಕು ಗೋಡೆ, ಜಾಲಿಗಿಡ ಬಿಟ್ಟರೆ ನರಪಿಳ್ಳೆಯೂ ಇರುವುದಿಲ್ಲ. ಅವನ ಪಕ್ಕ ಪಕ್ಕದಲ್ಲೇ ನಡೆಯಬೇಕು ಎಂಬ ಒಂದೇ ಆಸೆ ಅವಳದು. ಅವನೋ ಮನೆ ಬಿಟ್ಟಾಗಿನಿಂದ ಹಿಂದೆ ಹತ್ತು ಮಾರು ಅಂತರ ಇಟ್ಟುಕೊಂಡೇ ಬರುತ್ತಿದ್ದ. ಸಿಟ್ಟು ಬಂದು ಅವಳು ಬಿರಬಿರನೆ ಮುಂದೆ ನಡೆದಾಗಲೇ ಈ ಕೂಗು.

ಮಾಳು ಮೆಲ್ಲಗೆ ಅವಳನ್ನು ದಾಟಿ ಬಂದು, ಕೈಯಲ್ಲಿದ್ದ ಕುರಿಕೋಲನ್ನು ಅವಳ ಮುಂದಿನ ನೆಲಕ್ಕೆ ಊರಿದ. ಒಮ್ಮೆ, ಎರಡು ಸಲ. ಮೂರನೆಯದಕ್ಕೆ ಕೋಲು ಅರ್ಧದವರೆಗೆ ಇಳಿಯಿತು. ಆಮೇಲೆ ನೆಲವೇ ದಬದಬ ಕುಸಿಯಿತು. ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು ಅದು. ಒಂದೂವರೆ ಆಳು ಆಳದ ಕತ್ತಲೆ.

“ಯವ್ವಾ! ಬೀರಪ್ಪ ದ್ಯಾವ್ರ ಕಾಯ್ದ,” ಎಂದಳು ಶೈಲಾ. “ನಿಮಗ ಹೆಂಗ ಗೊತ್ತಾತ್ರಿ? ನನಗ ಎಲ್ಲಾ ಒಂದ ನಮೂನಿ ಕಾಣತಿತ್ತು.”

“ಒಂದ ನಮೂನಿ ಎಲ್ಲಿ? ನೋಡಿಲ್ಲಿ, ನೆಲ ತುಸು ತೆಗ್ಗಾಗೇತಿ. ಬಣ್ಣಾನೂ ಬ್ಯಾರೆ. ಬೆಳಿಗ್ಗಿ ಓರೆ ಬಿಸಲಿಗೆ ಅಂಚಿನ್ಯಾಗ ನೆಳ್ಳು ಬೀಳತೈತಿ, ಮಧ್ಯಾಹ್ನ ಆದ್ರ ಅದೂ ಕಾಣೂದಿಲ್ಲ.” ಮಾಳು ಹುರುಪಿನಿಂದ ಹೇಳುತ್ತಲೇ ಹೋದ. “ಹಿಮದಾಗೂ ಹಿಂಗ. ಮ್ಯಾಲೆ ಹಾಸಿಗಿ ಹಾಸಿಧಂಗ ಇರತೈತಿ, ತಳಗ ಮನಿ ನುಂಗುವಂಥ ಸೀಳು. ಒಂದು ಸೀಳು ಸಿಕ್ತಂದ್ರ ಬಾಜೂಕ ಇನ್ನೊಂದು ಇದ್ದ ಇರತೈತಿ. ಹೊಸಾ ಹಿಮ ಬಿದ್ದ ದಿನಾ ಅಂತೂ ಕಣ್ಣ ನಂಬಬಾರದು, ಕೋಲ ನಂಬಬೇಕು...”

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

ಶೈಲಾ ಬುತ್ತಿಗಂಟು ಇಳಿಸಿದಳು. ಮಗ ಹಿಮದ ಬೆಟ್ಟದ ಬುಡದಲ್ಲಿ ಸೈನ್ಯದ ಗೋದಾಮಿನಲ್ಲಿ ಕೂತು ಅಕ್ಕಿ, ಬೇಳೆ ತೂಗಿ ಕೊಡುವ ಕೆಲಸದಲ್ಲಿದ್ದಾನೆ, ಚಳಿಯೊಂದು ಬಿಟ್ಟರೆ ಬೇರೇನೂ ಕಾಟವಿಲ್ಲ ಎಂದು ಅತ್ತೆ ತಂಗೆವ್ವ ಊರಿಗೆಲ್ಲ ಡಂಗುರ ಸಾರಿದ್ದಳು. ಅದನ್ನು ನಂಬಿಯೇ ಶೈಲಾ ಕಣ್ಣುತುಂಬ ನಿದ್ದೆ ಮಾಡಿದ್ದಳು.

“ಅಕ್ಕಿಚೀಲ ತೂಗಾವ್ರಿಗೆ ಇದನ್ನೆಲ್ಲಾ ಕಲಸ್ತಾರೇನ್ರಿ?”

ಮಾಳು ಕೋಲಿಗೆ ಹತ್ತಿದ ಮಣ್ಣನ್ನು ಒರೆಸತೊಡಗಿದ.

“ಅವ್ವಗ ಹೇಳಬ್ಯಾಡ,” ಎಂದ ಕಡೆಗೆ. “ಹಂಗೇನ ಹೆದರಿಕಿ ಇಲ್ಲ ಶೈಲಾ. ಎಲ್ಲಾರ ನಡಕ್ಕೂ ಒಂದ ಹಗ್ಗ ಕಟ್ಟಿರತೈತಿ. ದೂರ ದೂರ ನಡೀತೀವಿ. ಹತ್ತರ ನಡದ್ರ ಇಬ್ಬರೂ ಬೀಳತಾರ, ದೂರ ಇದ್ರ ಉಳದಾವ್ರು ಎಳಕೋತಾರ.”

ಈ ಇಪ್ಪತ್ತು ದಿನ ಅವನು ಪಕ್ಕಕ್ಕೆ ಬಾರದೆ ಯಾಕೆ ನಡೆದನೆಂದು ಈಗ ತಿಳಿಯಿತು. ತಿಳಿದದ್ದರಿಂದ ಆಸೆ ಕಡಿಮೆಯಾಗಲಿಲ್ಲ. ಅವಳು ಹೋಗಿ ಅವನ ತೋಳು ಹಿಡಿದುಕೊಂಡಳು. ಹಗಲುಹೊತ್ತಿನಲ್ಲಿ, ಬಯಲಲ್ಲಿ, ಹಾಗೆ ಹಿಡಿದದ್ದು ಅದೇ ಮೊದಲು.

“ಎಲ್ಲಾರಕಿಂತ ಮುಂದ ಯಾರ ನಡೀತಾರ್ರಿ?”

ಅವನು ಬುತ್ತಿಗಂಟು ಎತ್ತಲು ಬಗ್ಗಿದ.

“ಹೇಳ್ರಿ. ಮೊದಲಿನ ಹೆಜ್ಜಿ ಇಡಾಂವ ಯಾರು?”

“ಯಾರಿಗಿ ನೆಲದ ಗುರ್ತಾ ಛಲೋ ಸಿಗತೈತಿ, ಅವನ್ನ ಮುಂದ ಬಿಡತಾರ,” ಎಂದ ಮಾಳು.

ಶೈಲಾ ಕುಸಿದ ಹಗೇವನ್ನೇ ನೋಡಿದಳು. ತನ್ನ ಗಂಡ ಇಷ್ಟು ಜಾಣನಾಗಿರಬಾರದಿತ್ತು ಎಂದು ಅವಳಿಗೆ ಅನಿಸಿತು.